ಪೂರ್ವಜ್ಞಾನದ ಕಲಮಿನಲ್ಲಿ ನಾವು ಬರೆಯುವುದೇನು?

ಬೋಧನಾಭ್ಯಾಸದ ದಿನಗಳಲ್ಲಿ ಗಣಿತದ ಪಾಠಯೋಜನೆಗಳನ್ನು ನೋಡಿ ಸಹಿ ಹಾಕುವ ಕೆಲಸ ನನ್ನದು. ಸಂಜೆ ನಾಲ್ಕೂವರೆಯ ಹೊತ್ತಿಗೆ ಮೇಜಿನ ಮೇಲೆ ಪುಸ್ತಕಗಳ ರಾಶಿ ಬಂದು ಕೂರುತ್ತದೆ. ಉದ್ದೇಶಗಳು, ಕಲಿಕಾಂಶಗಳು, ಬೋಧನೋಪಕರಣ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ ಎಂದು ಒಂದೊಂದು ಕಲಮನ್ನೂ ಪ್ರಶಿಕ್ಷಣಾರ್ಥಿಗಳು ಸ್ಕೇಲಿಟ್ಟು ಗೆರೆ ಎಳೆದು ತುಂಬಿರುತ್ತಾರೆ. ಮೊದಲ ಪುಟದಲ್ಲೇ ‘ಪೂರ್ವಜ್ಞಾನ’ ಎಂಬ ಕಲಂ ಇದೆ. ಅದರ ಎದುರು ಒಂದೇ ಸಾಲು: ‘ವಿದ್ಯಾರ್ಥಿಗಳು ಸರಳ ಸಮೀಕರಣಗಳ ಬಗ್ಗೆ ಈಗಾಗಲೇ ತಿಳಿದಿದ್ದಾರೆ.’ ಪಾಠ ಬದಲಾದರೆ ಸಮೀಕರಣದ ಜಾಗದಲ್ಲಿ ಭಿನ್ನರಾಶಿಯೋ ತ್ರಿಭುಜವೋ ಬರುತ್ತದೆ. ವಾಕ್ಯ ಬದಲಾಗುವುದಿಲ್ಲ.

ಈ ಸಲ ಒಬ್ಬ ಪ್ರಶಿಕ್ಷಣಾರ್ಥಿಯನ್ನು ಕೇಳಿದೆ, ‘ಮಕ್ಕಳಿಗೆ ತಿಳಿದಿದೆ ಅಂತ ನಿಮಗೆ ಹೇಳಿದವರು ಯಾರು?’ ಅವರು ಗಾಬರಿಯಾಗಿ, ‘ಏಳನೇ ಕ್ಲಾಸ್ ಪುಸ್ತಕದಲ್ಲಿ ಆ ಪಾಠ ಇದೆ ಮೇಡಂ’ ಎಂದರು.

ಅವರದೇನೂ ತಪ್ಪಿಲ್ಲ. ನಾನು ಬಿ.ಎಡ್. ಮಾಡುವಾಗ ಬರೆದದ್ದೂ ಅದನ್ನೇ. ನನ್ನ ಪುಸ್ತಕಕ್ಕೆ ಸಹಿ ಹಾಕಿದವರೂ ಹೀಗೆ ಕೇಳಿರಲಿಲ್ಲ. ಪುಸ್ತಕದಲ್ಲಿರುವುದು ಮಗುವಿನ ತಲೆಯಲ್ಲೂ ಇದೆ ಎಂದುಕೊಂಡು ನಾವು ಎಂಟನೇ ತರಗತಿಯೊಳಗೆ ಕಾಲಿಡುತ್ತೇವೆ. ಇಲ್ಲವೆಂದು ಗೊತ್ತಾದ ದಿನ ಸಿಬ್ಬಂದಿ ಕೊಠಡಿಯಲ್ಲಿ ಕೂತು ‘ಈ ಮಕ್ಕಳಿಗೆ ಬುನಾದಿಯೇ ಇಲ್ಲ’ ಎನ್ನುತ್ತೇವೆ. ‘ತಿಳಿದಿದ್ದಾರೆ’ ಎಂಬುದಕ್ಕೂ ‘ಬುನಾದಿಯೇ ಇಲ್ಲ’ ಎಂಬುದಕ್ಕೂ ನಡುವೆ, ಮಗು ನಿಜವಾಗಿ ಏನನ್ನು ಹೊತ್ತು ತಂದಿದೆ ಎಂದು ನೋಡುವ ಕೆಲಸ ಉಳಿದೇ ಹೋಗುತ್ತದೆ. ಆರು, ಏಳನೇ ತರಗತಿಗಳು ಮಕ್ಕಳನ್ನು ಪ್ರೌಢಶಾಲೆಗೆ ಸರಿಯಾಗಿ ಸಿದ್ಧಗೊಳಿಸುತ್ತಿಲ್ಲ ಎಂದು ದೂರುವುದು ನಮ್ಮ ಕಡೆಯವರ ಅಭ್ಯಾಸ. ನನ್ನ ಅಭಿಪ್ರಾಯ ಬೇರೆ. ಅಲ್ಲಿ ಆದ ಸಿದ್ಧತೆಯಲ್ಲಿ ಎಷ್ಟೋ ಭಾಗ ನಮ್ಮ ಕಣ್ಣಿಗೆ ಬೀಳದೆ ಎಂಟನೇ ತರಗತಿಯಲ್ಲಿ ಹಾಳಾಗುತ್ತದೆ. ನಾವು ಬೋಧನಾಭ್ಯಾಸ ನಡೆಸುವ ಕ್ರಮವೂ ಅದಕ್ಕೆ ಒಂದು ಕಾರಣ.

ಅಂದಹಾಗೆ ಈ ಕಲಂ ನಿನ್ನೆ ಮೊನ್ನೆಯದಲ್ಲ. ಹೊಸ ವಿಚಾರ ಮನಸ್ಸಿನಲ್ಲಿ ಈಗಾಗಲೇ ಇರುವ ವಿಚಾರಗಳ ಜೊತೆ ಕೂಡಿಕೊಂಡಾಗ ಮಾತ್ರ ಅರ್ಥವಾಗುತ್ತದೆ ಎಂದು ಹರ್ಬಾರ್ಟ್ ಹೇಳಿ ಇನ್ನೂರು ವರ್ಷವಾಗುತ್ತ ಬಂತು. ಅವನ ಶಿಷ್ಯರು ಅದನ್ನು ಸೋಪಾನಗಳಾಗಿ ಕಟ್ಟಿದರು. ಔಸುಬೆಲ್ ಹೆಸರಿನಲ್ಲಿ ನಾವು ಮನೋವಿಜ್ಞಾನದ ಪತ್ರಿಕೆಯಲ್ಲಿ ಹತ್ತು ಅಂಕದ ಉತ್ತರ ಬರೆಸುವುದೂ ಇದನ್ನೇ. ಈಗ ಪಾಠಯೋಜನೆಯ ಚೌಕಟ್ಟು ಐದು ‘ಇ’ಗಳಿಗೆ ಬದಲಾಗಿದೆ. ಕಲಂ ಹಾಗೇ ಉಳಿದಿದೆ, ಅದನ್ನು ತುಂಬುವ ರೀತಿಯೂ ಹಾಗೇ ಉಳಿದಿದೆ.

ಕಾಲೇಜಿಗೆ ಬರುವ ಮೊದಲು ನಾನು ಹನ್ನೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. ಸುತ್ತಲಿನ ಐದಾರು ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಎಂಟನೇ ತರಗತಿಗೆ ಅಲ್ಲಿಗೆ ಬರುತ್ತಿದ್ದರು. ಒಂದು ವರ್ಷ ಹಾಗೆ ಬಂದವರಲ್ಲಿ ನಾಲ್ಕು ಕಿಲೋಮೀಟರ್ ಆಚೆಯ ಊರಿನ ಒಬ್ಬ ಹುಡುಗಿ ಇದ್ದಳು. ಜೂನ್‌ನಿಂದ ದಸರಾ ರಜೆಯವರೆಗೆ ಅವಳು ನನ್ನ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ ನೆನಪಿಲ್ಲ. ಹಲಗೆಯ ಮೇಲಿದ್ದುದನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದಳು. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಎರಡೋ ಮೂರೋ ಬರುತ್ತಿತ್ತು. ‘ಅರ್ಥ ಆಯ್ತಾ?’ ಎಂದು ಇಡೀ ತರಗತಿಯನ್ನು ಕೇಳುತ್ತಿದ್ದೆ. ‘ಆಯ್ತು ಮಿಸ್’ ಎಂಬ ಒಕ್ಕೊರಲಿನಲ್ಲಿ ಅವಳ ದನಿಯೂ ಸೇರಿರುತ್ತಿತ್ತು. ನನ್ನ ಲೆಕ್ಕದಲ್ಲಿ ಅವಳು ಬುನಾದಿ ಇಲ್ಲದವಳು. ಎಸ್.ಎಸ್.ಎಲ್.ಸಿ. ಬರುವ ಹೊತ್ತಿಗೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದೆ. ರಜೆ ಮುಗಿದ ಮೇಲೆ ಅವಳು ಬರಲೇ ಇಲ್ಲ. ಹೇಳಿ ಕಳಿಸಿದಾಗ ಮನೆಯವರು, ಚಿಕ್ಕ ತಮ್ಮನಿದ್ದಾನೆ, ಮನೆಯಲ್ಲಿ ಜನ ಬೇಕು, ಹೇಗೂ ಓದು ತಲೆಗೆ ಹತ್ತುತ್ತಿಲ್ಲವಲ್ಲ ಎಂದರು.

ಎರಡು ವರ್ಷ ಕಳೆದ ಮೇಲೆ ಒಂದು ತರಬೇತಿಯಲ್ಲಿ ಆ ಊರಿನ ಶಾಲೆಯ ಶಿಕ್ಷಕಿ ನನ್ನ ಪಕ್ಕ ಕೂತಿದ್ದರು. ಊಟದ ಹೊತ್ತಿಗೆ ಮಾತು ಆ ಹುಡುಗಿಯ ಕಡೆ ತಿರುಗಿತು.

‘ಅಯ್ಯೋ, ಅವಳು ಚೂಟಿ ಇದ್ಲಲ್ಲ ಮೇಡಂ’ ಎಂದರು. ‘ಎಲ್ಲರೆದುರಿಗೆ ಬಾಯಿ ಬಿಡ್ತಿರಲಿಲ್ಲ ಅಷ್ಟೆ. ಲೆಕ್ಕ ಎಲ್ಲಾದರೂ ನಿಂತ್ರೆ ನೋಟ್‌ಬುಕ್ ಹಿಡ್ಕೊಂಡು ನನ್ನ ಮೇಜಿನ ಹತ್ರ ಬಂದು ನಿಲ್ತಿದ್ಲು. ನಾನು ತಲೆ ಎತ್ತಿ ನೋಡೋವರೆಗೂ ನಿಂತೇ ಇರ್ತಿದ್ಲು. ಎಲ್ಲಿ ಸಿಕ್ಕಾಕ್ಕೊಂಡಿದ್ದೀಯಮ್ಮ ಅಂತ ಕೇಳಿದ್ರೆ ಸಾಕು, ಹೇಳ್ತಾ ಹೇಳ್ತಾ ತಾನೇ ತಪ್ಪು ಹುಡುಕ್ಕೊಂಡು ವಾಪಸ್ ಹೋಗ್ತಿದ್ಲು.’

ನನ್ನ ತರಗತಿಯಲ್ಲಿ ಹಾಗೆ ಬಂದು ನಿಲ್ಲಲು ಅವಳಿಗೆ ಜಾಗವೇ ಇರಲಿಲ್ಲ. ನಲವತ್ತು ನಿಮಿಷದ ಅವಧಿ, ಐವತ್ತೆಂಟು ಮಕ್ಕಳು. ಗಂಟೆ ಬಾರಿಸಿದ ಕೂಡಲೇ ನಾನು ಒಂಬತ್ತನೇ ‘ಬಿ’ಗೆ ಓಡುತ್ತಿದ್ದೆ. ಅವಳಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ತಾನು ಎಲ್ಲಿ ತಪ್ಪಿದೆ ಎಂದು ಬಾಯಿಬಿಟ್ಟು ಹೇಳುತ್ತ ಸರಿಪಡಿಸಿಕೊಳ್ಳುವುದು. ಗಣಿತಕ್ಕೆ ಅದಕ್ಕಿಂತ ದೊಡ್ಡ ಬುನಾದಿ ನನಗೆ ತಿಳಿಯದು. ಆ ಅಭ್ಯಾಸವನ್ನು ಏಳನೇ ತರಗತಿ ಬೆಳೆಸಿ ಕಳಿಸಿತ್ತು. ನಾನು ಅದನ್ನು ನೋಡಲೇ ಇಲ್ಲ. ಅದು ಗೊತ್ತಿದ್ದವರು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದರು, ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಅವಳು ಶಾಲೆ ಬಿಟ್ಟದ್ದಕ್ಕೆ ಹತ್ತು ಕಾರಣ ಇದ್ದಿರಬಹುದು, ಮನೆಯ ಕಷ್ಟವನ್ನು ನಾನು ಕಳೆಯುತ್ತಿರಲಿಲ್ಲ. ಆದರೆ ‘ಓದು ತಲೆಗೆ ಹತ್ತುತ್ತಿಲ್ಲ’ ಎಂಬ ಕಾರಣವನ್ನು ಆ ಮನೆಗೆ ಒದಗಿಸಿಕೊಟ್ಟದ್ದು ನನ್ನ ತರಗತಿ.

ನಮ್ಮ ರಾಜ್ಯದಲ್ಲಿ ಈ ದಾಟುವಿಕೆ ಒಂದು ವಿಚಿತ್ರ ಜಾಗದಲ್ಲಿ ಬಂದು ಕೂತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಎಂಟರವರೆಗೆ ಪ್ರಾಥಮಿಕ ಶಿಕ್ಷಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನ್ನು ಮಧ್ಯಮ ಹಂತವೆಂದು ಒಟ್ಟಿಗೆ ಕಟ್ಟಿತು. ಆದರೆ ನಮ್ಮ ಹಳ್ಳಿಗಳ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಪ್ರೌಢಶಾಲೆ ಎಂಟರಿಂದ ಶುರು. ಕಾಗದದ ಮೇಲೆ ಒಂದೇ ಆಗಿರುವ ಹಂತದ ನಡುವೆ ಮಗು ಊರು, ಗುರುಗಳು, ಗೆಳೆಯರು ಎಲ್ಲವನ್ನೂ ಬದಲಿಸುತ್ತದೆ. ಮಾರ್ಚ್ ತಿಂಗಳಲ್ಲಿ ಅದು ಶಾಲೆಗೇ ಹಿರಿಯ ಮಗು. ಗಂಟೆ ಬಾರಿಸುವುದು, ಪ್ರಾರ್ಥನೆಯಲ್ಲಿ ಪತ್ರಿಕೆ ಓದುವುದು, ಬಿಸಿಯೂಟಕ್ಕೆ ಚಿಕ್ಕವರನ್ನು ಸಾಲಾಗಿ ಕೂರಿಸುವುದು, ಕೈತೋಟಕ್ಕೆ ನೀರು ಹಾಕಿಸುವುದು, ಶಾಲಾ ಸಂಸತ್ತಿನಲ್ಲಿ ಮಂತ್ರಿಗಿರಿ ಎಲ್ಲ ಅದರದೇ. ಜೂನ್‌ನಲ್ಲಿ ಅದೇ ಮಗು ಪ್ರೌಢಶಾಲೆಗೆ ಎಲ್ಲರಿಗಿಂತ ಕಿರಿಯದು, ಯಾವ ಕೊಠಡಿಗೆ ಹೋಗಬೇಕೆಂದು ತಿಳಿಯದೆ ಕಾರಿಡಾರಿನಲ್ಲಿ ನಿಂತಿರುತ್ತದೆ. ಇಡೀ ಪ್ರಾರ್ಥನೆಯನ್ನು ಮುಂದೆ ನಿಂತು ನಡೆಸಿದ ಮಗುವನ್ನು ನಾವು ‘ಮಾತೇ ಆಡಲ್ಲ’ ಎಂದು ಗುರುತಿಸುವುದು ಹೀಗೆ.

ಆ ಮಗುವಿನ ಜೊತೆ ಬರುವುದು ಒಂದು ವರ್ಗಾವಣೆ ಪತ್ರ. ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇರುತ್ತದೆ. ಜಾತಿ, ದಾಖಲಾತಿ ಸಂಖ್ಯೆ, ನಡತೆ ತೃಪ್ತಿಕರ ಎಂದಿರುತ್ತದೆ. ಈ ಮಗು ಹೇಗೆ ಕಲಿಯುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಇನ್ನು ಪಾಠದ ವಿಷಯಕ್ಕೆ ಬರುತ್ತೇನೆ. ‘ಬುನಾದಿ’ ಎಂದಾಗ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಮಗ್ಗಿ, ಭಾಗಾಕಾರ, ಭಿನ್ನರಾಶಿ. ಅವೆಲ್ಲ ಬೇಕು. ಆದರೆ ಎಂಟನೇ ತರಗತಿಯ ಬೀಜಗಣಿತದಲ್ಲಿ ಮಕ್ಕಳು ಎಡವುವ ಕಲ್ಲು ಅನೇಕ ವೇಳೆ ಇನ್ನೂ ಚಿಕ್ಕದು, ಕಣ್ಣಿಗೇ ಕಾಣದಷ್ಟು. ಯಾವುದೇ ಎಂಟನೇ ತರಗತಿಗೆ ಹೋಗಿ ಹಲಗೆಯ ಮೇಲೆ ಇದನ್ನು ಬರೆಯಿರಿ:

8 + 4 = □ + 5

ಚೌಕದಲ್ಲಿ ಯಾವ ಸಂಖ್ಯೆ ಎಂದು ಕೇಳಿ. ಹಲವರು 12 ಎನ್ನುತ್ತಾರೆ. ಕೆಲವರು ಎಲ್ಲವನ್ನೂ ಕೂಡಿ 17 ಎನ್ನುತ್ತಾರೆ. 7 ಎಂದವರಲ್ಲೂ ಏಕೆ ಎಂದು ಕೇಳಿದರೆ ತಡವರಿಸುವವರಿರುತ್ತಾರೆ. ಇವರಿಗೆ ಕೂಡಲು ಬರುವುದಿಲ್ಲವೆ? ಚೆನ್ನಾಗಿಯೇ ಬರುತ್ತದೆ. ಬಾರದಿರುವುದು ಸಮ ಚಿಹ್ನೆ. ಒಂದನೇ ತರಗತಿಯಿಂದ ಆ ಚಿಹ್ನೆಯ ಎಡಕ್ಕೆ ಲೆಕ್ಕ, ಬಲಕ್ಕೆ ಉತ್ತರ. ಹಾಗಾಗಿ ಅದರ ಅರ್ಥ ‘ಈಗ ಉತ್ತರ ಬರೆ’ ಎಂದು ಮಗು ತಿಳಿದಿದೆ. ನಾವು ಅದನ್ನು ಓದುವ ರೀತಿಯೂ ಸಹಾಯ ಮಾಡುವುದಿಲ್ಲ. ಕನ್ನಡ ಮಾಧ್ಯಮದ ತರಗತಿಯಲ್ಲೂ ‘ಎಂಟು ಪ್ಲಸ್ ನಾಲ್ಕು ಇಸೀಕ್ವಲ್ಟು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ‘ಸಮ’ ಎಂಬ, ಮಗುವಿಗೆ ಮನೆಯಲ್ಲೇ ಗೊತ್ತಿರುವ ಮಾತು ಕಿವಿಗೆ ಬೀಳುವುದೇ ಇಲ್ಲ. ಹೋಳಿಗೆ ಸಮನಾಗಿ ಹಂಚಿಲ್ಲ ಎಂದು ಜಗಳ ತೆಗೆಯುವ ಮಗುವಿಗೆ ‘ಸಮ’ದ ಅರ್ಥ ತಿಳಿಯದೆ ಇರುತ್ತದೆಯೆ?

ಈ ಮಗು x + 7 = 15 ಅನ್ನು ಬಿಡಿಸುತ್ತದೆ. ‘ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಬಾಯಿಪಾಠವಿದೆ. 2x + 3 = x + 9 ಬಂದಾಗ ನಿಂತುಬಿಡುತ್ತದೆ, ಏಕೆಂದರೆ ಬಲಗಡೆ ಉತ್ತರವಿರಬೇಕಾದ ಕಡೆ ಮತ್ತೊಂದು ಲೆಕ್ಕ ಕೂತಿದೆ. ನಾವು ಚಿಹ್ನೆ ಬದಲಿಸುವ ಸೂತ್ರವನ್ನು ಇನ್ನೊಮ್ಮೆ, ಇನ್ನೂ ಗಟ್ಟಿ ದನಿಯಲ್ಲಿ ಹೇಳುತ್ತೇವೆ.

ಇದನ್ನು ಆರು, ಏಳರಲ್ಲಿ ಸರಿಪಡಿಸಲು ಹೊಸ ಪಠ್ಯವೇನೂ ಬೇಡ. ವಾರಕ್ಕೆರಡು ದಿನ, ಹತ್ತು ಹತ್ತು ನಿಮಿಷ. ಹಲಗೆಯ ಮೇಲೆ 9 = 4 + 5, 7 = 7, 6 + 2 = 5 + 3, 6 + 2 = 8 + 3 ಎಂದು ಬರೆದು, ಯಾವುದು ಸರಿ, ಯಾವುದು ತಪ್ಪು, ಏಕೆ ಎಂದು ಮಕ್ಕಳೇ ವಾದಿಸಲಿ. ‘7 = 7’ ಲೆಕ್ಕವೇ ಅಲ್ಲ ಎಂದು ಹಟ ಹಿಡಿಯುವ ಮಗು ಖಂಡಿತ ಸಿಗುತ್ತದೆ, ಅದರ ಜೊತೆಗಿನ ವಾದವೇ ಪಾಠ. ಅಂಗಡಿಯ ತಕ್ಕಡಿಯ ಎರಡು ತಟ್ಟೆಗಳನ್ನು ನೋಡಿದ ಮಗುವಿಗೆ ಎರಡೂ ಕಡೆಯಿಂದ ಒಂದೇ ತೂಕ ತೆಗೆದರೆ ಮುಳ್ಳು ಅಲುಗುವುದಿಲ್ಲ ಎಂದು ಹೇಳಿಕೊಡಬೇಕಾಗಿಯೇ ಇಲ್ಲ. ಏಳನೇ ತರಗತಿ ಇಷ್ಟನ್ನು ಕೊಟ್ಟು ಕಳಿಸಿದರೆ ಎಂಟನೆಯದರಲ್ಲಿ ಸಮೀಕರಣ ತಾನಾಗಿ ತೆರೆದುಕೊಳ್ಳುತ್ತದೆ. ಕೊಟ್ಟಿಲ್ಲವೆಂದರೆ ಎಂಟನೆಯ ತರಗತಿಯಲ್ಲಿ ಅದೇ ಹತ್ತು ನಿಮಿಷ ಸಾಕು. ಆದರೆ ಏನು ಕೊಟ್ಟಿಲ್ಲ ಎಂದು ಮೊದಲು ತಿಳಿದಿರಬೇಕು.

ಗಣಿತದ ಹೊರಗೆ ಒಂದೇ ಮಾತು ಹೇಳುತ್ತೇನೆ, ಒಬ್ಬರೇ ಕೂತು ಓದುವುದರ ಬಗ್ಗೆ. ಪ್ರೌಢಶಾಲೆಯ ವಿಜ್ಞಾನ, ಸಮಾಜ ವಿಜ್ಞಾನದ ಪುಸ್ತಕಗಳನ್ನು ಮಗು ತಾನೇ ಓದಿ ಅರ್ಧವಾದರೂ ತಿಳಿದುಕೊಳ್ಳಬೇಕು. ಪ್ರಶ್ನೋತ್ತರವನ್ನು ಹಲಗೆಯಿಂದ ಬರೆದುಕೊಂಡೇ ಏಳು ಮುಗಿಸಿದ ಮಗುವಿಗೆ ಪುಸ್ತಕವೆಂದರೆ ಉತ್ತರದ ಕೆಳಗೆ ಗೆರೆ ಎಳೆಯುವ ಜಾಗ. ಏಳನೇ ತರಗತಿಯಲ್ಲಿ ವಾರಕ್ಕೊಮ್ಮೆ ಅರ್ಧ ಪುಟವನ್ನು ಯಾರೂ ವಿವರಿಸದೆ ಓದಿ, ಅರ್ಥವಾದದ್ದು ಒಂದು ವಾಕ್ಯ, ಅರ್ಥವಾಗದ್ದು ಒಂದು ವಾಕ್ಯ ಸ್ವಂತ ಮಾತಿನಲ್ಲಿ ಬರೆದರೆ ಸಾಕು. ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಮುಖ್ಯ. ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾರುವ ಮಕ್ಕಳ ವಿಷಯದಲ್ಲಂತೂ ಇದು ಪ್ರಾಣವಾಯು. ಭಿನ್ನರಾಶಿ ರಾತ್ರೋರಾತ್ರಿ ಫ್ರ್ಯಾಕ್ಷನ್ ಆದಾಗ ತಿಳಿದದ್ದೂ ತಿಳಿಯದಂತೆ ಕಾಣುತ್ತದೆ. ಅದು ಬೇರೆಯೇ ಲೇಖನಕ್ಕೆ ಬೇಕಾದ ವಿಷಯ.

ಏಳನೇ ತರಗತಿಗೆ ಹಿಂದಿನಂತೆ ಪಬ್ಲಿಕ್ ಪರೀಕ್ಷೆ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಿರಿಯ ಸಹೋದ್ಯೋಗಿಗಳಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಐದು, ಎಂಟು, ಒಂಬತ್ತರ ಮಂಡಳಿ ಪರೀಕ್ಷೆಯ ವಿವಾದ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದೂ ಎಲ್ಲರಿಗೂ ಗೊತ್ತು. ನನ್ನ ತಕರಾರು ಇಷ್ಟೆ. ಆ ಹುಡುಗಿ ಏಳರ ಪಬ್ಲಿಕ್ ಪರೀಕ್ಷೆಯಲ್ಲಿ ಐವತ್ತು ಪಡೆದಿದ್ದರೆ ನನಗೆ ಐವತ್ತು ಎಂಬುದು ತಿಳಿಯುತ್ತಿತ್ತು. ಮೇಜಿನ ಹತ್ತಿರ ಬಂದು ನಿಲ್ಲುತ್ತಾಳೆ ಎಂಬುದು ತಿಳಿಯುತ್ತಿರಲಿಲ್ಲ.

ಸೇತುಬಂಧ ಇದೆಯಲ್ಲ ಎನ್ನಬಹುದು. ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ ಎಂಬ ಅದರ ಕ್ರಮ ಒಳ್ಳೆಯದೇ, ಮನಸ್ಸಿಟ್ಟು ಮಾಡುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ಆದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಶಾಲೆಗೆ ಕಾಲಿಡುವ ಹೊತ್ತಿಗೆ ಸೇತುಬಂಧ ಮುಗಿದು ಕಡತ ಸೇರಿರುತ್ತದೆ. ಆ ಕಡತವನ್ನು ಕೇಳಿ ತೆಗೆಸಿ ನೋಡಿದ ಒಬ್ಬ ಪ್ರಶಿಕ್ಷಣಾರ್ಥಿಯನ್ನೂ ನಾನು ಈವರೆಗೆ ನೋಡಿಲ್ಲ. ನೋಡಿ ಎಂದು ನಾನೂ ಹೇಳಿರಲಿಲ್ಲ.

ಪ್ರಾಥಮಿಕ ಶಾಲೆಯವರ ಮೇಲೆ ಹೊರಿಸುವುದು ಸುಲಭ. ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್ ಮಾಹಿತಿ ತುಂಬುವುದು, ಗಣತಿ ಎಲ್ಲವನ್ನೂ ಮುಗಿಸಿ ಪಾಠಕ್ಕೆ ನಿಲ್ಲುವವರು ಅವರು. ಅದರ ನಡುವೆಯೂ ಒಬ್ಬ ಶಿಕ್ಷಕಿ, ಮಗು ಮೇಜಿನ ಬಳಿ ನಿಂತಾಗ ತಲೆ ಎತ್ತಿ ನೋಡಿದ್ದರು. ಬಿ.ಎಡ್. ಮುಗಿಸಿದವರು ಪ್ರೌಢಶಾಲೆಗೇ ಹೋಗುತ್ತಾರೆ ಎಂಬುದೂ ಈಗ ಹಳೆಯ ಮಾತು. ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಇರುವುದು ಆರರಿಂದ ಎಂಟಕ್ಕೆ ಕಲಿಸುವವರಿಗೆ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದದ್ದೂ ಇದೇ ತರಗತಿಗಳಿಗೆ. ಆದರೂ ನಾವು ಬೋಧನಾಭ್ಯಾಸಕ್ಕೆ ಕಳಿಸುವುದು ಎಂಟು, ಒಂಬತ್ತಕ್ಕೆ ಮಾತ್ರ. (ಹತ್ತನ್ನು ಮುಖ್ಯೋಪಾಧ್ಯಾಯರು ಕೊಡುವುದಿಲ್ಲ, ಅದು ಬಿಡಿ.) ಆರನೇ ತರಗತಿಯ ಮಗು ಹೇಗಿರುತ್ತದೆಂದು ನೋಡದೆಯೇ ಆರನೇ ತರಗತಿಯ ಶಿಕ್ಷಕರಾಗುವವರನ್ನು ನಾವು ತಯಾರು ಮಾಡುತ್ತಿದ್ದೇವೆ.

ಹಾಗಾಗಿ ಕಳೆದ ವರ್ಷ ನಮ್ಮ ವಿಭಾಗದಲ್ಲಿ ಒಂದು ಸಣ್ಣ ಪ್ರಯತ್ನ ಮಾಡಿದೆವು. ಎಂಟನೇ ತರಗತಿಗೆ ಪಾಠ ಮಾಡಲಿದ್ದ ಇಬ್ಬರು ಪ್ರಶಿಕ್ಷಣಾರ್ಥಿಗಳನ್ನು ಮೊದಲ ಎರಡು ದಿನ, ಆ ಮಕ್ಕಳು ಓದಿ ಬಂದ ಹಿರಿಯ ಪ್ರಾಥಮಿಕ ಶಾಲೆಗೆ ಕಳಿಸಿದೆವು. ಪಾಠ ಮಾಡಲಿಕ್ಕಲ್ಲ. ಏಳನೇ ತರಗತಿಯಲ್ಲಿ ಹಿಂದೆ ಕೂತು ನೋಡಲಿಕ್ಕೆ, ಹೋದ ವರ್ಷದ ಮಕ್ಕಳ ಬಗ್ಗೆ ಅಲ್ಲಿನ ಗುರುಗಳನ್ನು ಕೇಳಲಿಕ್ಕೆ. ಅನುಮತಿ ಪತ್ರಕ್ಕೆ ಓಡಾಡಿದ್ದು, ಎರಡು ದಿನದ ಹಾಜರಿಯನ್ನು ಯಾವ ಲೆಕ್ಕಕ್ಕೆ ಬರೆಯುವುದು ಎಂಬ ಚರ್ಚೆ, ಇವೆಲ್ಲ ಇದ್ದದ್ದೇ.

ನನಗೆ ನಿಜವಾಗಿ ಇದ್ದ ಭಯ ಬೇರೆ. ಏಳನೇ ತರಗತಿಯಿಂದ ಬರುವ ಮಾತು ಮಗುವಿನ ಬೆನ್ನಿಗೆ ಅಂಟುವ ಚೀಟಿಯಾಗಿಬಿಟ್ಟರೆ? ‘ಅವನು ದಡ್ಡ, ಇವಳು ಸೋಮಾರಿ’ ಎಂಬುದನ್ನು ಎಂಟನೇ ತರಗತಿಯವರು ಮೊದಲೇ ಕೇಳಿಸಿಕೊಂಡರೆ ಮಗುವಿಗೆ ಹೊಸ ಶಾಲೆಯಲ್ಲಿ ಹೊಸದಾಗಿ ಶುರುಮಾಡುವ ಅವಕಾಶವೂ ತಪ್ಪುತ್ತದೆ. ಎಷ್ಟೋ ಮಕ್ಕಳಿಗೆ ಶಾಲೆ ಬದಲಾಗುವುದೇ ಒಂದು ಬಿಡುಗಡೆ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಂಕ, ಶ್ರೇಣಿ, ಸ್ವಭಾವ ಯಾವುದನ್ನೂ ಬರೆದುಕೊಳ್ಳಬಾರದು, ‘ಈ ಮಗುವಿಗೆ ಯಾವಾಗ ಚೆನ್ನಾಗಿ ಅರ್ಥವಾಗುತ್ತಿತ್ತು?’ ಎಂಬ ಒಂದೇ ಪ್ರಶ್ನೆ ಕೇಳಬೇಕು ಎಂದು ಕಟ್ಟು ಮಾಡಿದೆವು. ಮೊದಲು ಗುರುಗಳು ಅಂಕವನ್ನೇ ಹೇಳಲು ಹೊರಟರಂತೆ. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಒಬ್ಬೊಬ್ಬರ ಬಗ್ಗೆಯೂ ಹೇಳುತ್ತ ಹೋದರಂತೆ. ಇಷ್ಟು ವರ್ಷಗಳಲ್ಲಿ ಪ್ರೌಢಶಾಲೆಯ ಕಡೆಯಿಂದ ಯಾರೂ ಬಂದು ಇದನ್ನು ಕೇಳಿರಲಿಲ್ಲ ಎಂದರಂತೆ.

ಆ ಇಬ್ಬರಲ್ಲಿ ಒಬ್ಬರು ತಮ್ಮ ಮೊದಲ ಪಾಠಯೋಜನೆಯಲ್ಲಿ ಪೂರ್ವಜ್ಞಾನದ ಎದುರು ಬರೆದದ್ದು ಹೀಗಿತ್ತು: ‘ಹೆಚ್ಚಿನ ಮಕ್ಕಳು ಸಮ ಚಿಹ್ನೆಯನ್ನು ಉತ್ತರದ ಗುರುತು ಎಂದು ತಿಳಿದಿದ್ದಾರೆ (ನಿನ್ನೆ ಚೌಕದ ಲೆಕ್ಕ ಕೊಟ್ಟು ನೋಡಿದ್ದೇನೆ). ಕಳೆಯುವುದು ಗಟ್ಟಿಯಾಗಿದೆ. ಮೂರನೇ ಸಾಲಿನ ಇಬ್ಬರು ಹಲಗೆಗೆ ಬರಲು ಹೆದರುತ್ತಾರೆ, ಪಕ್ಕದವರಿಗೆ ಹೇಳಿಕೊಡುವಾಗ ಚೆನ್ನಾಗಿ ವಿವರಿಸುತ್ತಾರೆ. ಆದ್ದರಿಂದ ಮೊದಲ ಹದಿನೈದು ನಿಮಿಷ ಜೋಡಿ ಕೆಲಸ.’

ಕಲಮಿನಲ್ಲಿ ಇಷ್ಟಕ್ಕೆ ಜಾಗ ಸಾಲದೆ ಅವರು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದರು. ಪಾಠ ನೋಡಲು ಬಂದ ಪರೀಕ್ಷಕರೊಬ್ಬರು ಪುಸ್ತಕ ತಿರುವಿ, ‘ಇದು ನಮೂನೆಯ ಪ್ರಕಾರ ಇಲ್ಲವಲ್ಲ’ ಎಂದು ಅರ್ಧ ಅಂಕ ಕಳೆದರು. ಪಾಠಯೋಜನೆ ಪುಸ್ತಕ ಮತ್ತೆ ಅಚ್ಚಿಗೆ ಹೋಗುವ ಮುಂಚೆ ಪೂರ್ವಜ್ಞಾನದ ಕಲಮಿಗೆ ಅರ್ಧ ಪುಟ ಬಿಡಬೇಕು, ಮತ್ತು ಮಕ್ಕಳನ್ನು ಒಂದು ದಿನ ನೋಡಿದ ಮೇಲೆಯೇ ಅದನ್ನು ತುಂಬಬೇಕು ಎಂದು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ. ವಿಷಯ ಮುಂದಿನ ಸಭೆಗೆ ಹೋಗಿದೆ. ಬೇರೆ ವಿಧಾನಗಳ ಅಧ್ಯಾಪಕರೂ, ಮುಖ್ಯವಾಗಿ ಈ ವರ್ಷ ಬೋಧನಾಭ್ಯಾಸಕ್ಕೆ ಹೊರಟಿರುವ ಪ್ರಶಿಕ್ಷಣಾರ್ಥಿಗಳೂ ಅಷ್ಟರೊಳಗೆ ತಮ್ಮ ಅನಿಸಿಕೆ ತಿಳಿಸಿದರೆ ಅನುಕೂಲ.